ಹಕ್ಕಿ ಎಣಿಸುವವರ ಲೆಕ್ಕಕ್ಕೆ ಸಿಗದವರು

ಕಳೆದ ಫೆಬ್ರವರಿಯ ಒಂದು ಭಾನುವಾರ ನಾವು ಮೂವರು ಗೆಳೆಯರು ಹಕ್ಕಿ ಎಣಿಸುವ ಕೂಟವೊಂದಕ್ಕೆ ಹೋಗಿದ್ದೆವು. ಊರ ಹೊರಗಿನ ದೊಡ್ಡ ಕೆರೆ. ಮಂಜು ಇನ್ನೂ ಕರಗಿರಲಿಲ್ಲ. ಏರಿಯ ಮೇಲೆ ನಲವತ್ತಕ್ಕೂ ಹೆಚ್ಚು ಮಂದಿ ಸೇರಿದ್ದರು. ಕಾಲೇಜು ಹುಡುಗ ಹುಡುಗಿಯರು, ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ವೈದ್ಯರು, ಅಪ್ಪ ಅಮ್ಮನ ಕೈ ಹಿಡಿದು ಬಂದ ಮಕ್ಕಳು. ಹೆಚ್ಚಿನವರ ಕೊರಳಲ್ಲಿ ದುರ್ಬೀನು, ಕೆಲವರ ಹೆಗಲಲ್ಲಿ ಮೊಣಕೈಯುದ್ದದ ಲೆನ್ಸಿನ ಕ್ಯಾಮೆರಾ, ಎಲ್ಲರ ಕೈಯಲ್ಲೂ ಮೊಬೈಲು. ಸಜ್ಜನರು. ಗಟ್ಟಿಯಾಗಿ ಮಾತಾಡಬೇಡಿ, ಕಣ್ಣು ಕೋರೈಸುವ ಬಟ್ಟೆ ಬೇಡ, ಗೂಡಿನ ಹತ್ತಿರ ಸುಳಿಯಬೇಡಿ ಎಂಬ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಎರಡು ಗಂಟೆಯ ಎಣಿಕೆ ಮುಗಿದಾಗ ಪಟ್ಟಿಯಲ್ಲಿ 58 ಜಾತಿಗಳಿದ್ದವು. ಚಪ್ಪಾಳೆಯಾಯಿತು. ಉಪ್ಪಿಟ್ಟು ಬಂತು.

ಏರಿಯ ಆಚೆ ತುದಿಯಲ್ಲಿ ಒಬ್ಬ ಅಜ್ಜ ಬಲೆ ಬಿಡಿಸುತ್ತ ಕೂತಿದ್ದರು. ಮೀನು ಗುತ್ತಿಗೆ ಹಿಡಿದವರ ಕಡೆಯವರು. ಬೆಳಗಿನ ಜಾವ ಅವರ ಹರಿಗೋಲು ನೀರಿನಲ್ಲಿತ್ತು. ಹಕ್ಕಿಗಳು ಬೆದರುತ್ತವೆ, ಚಿತ್ರ ಸಿಗುವುದಿಲ್ಲ ಎಂದು ಯಾರೋ ಕೂಗಿ ಹೇಳಿದ್ದರಿಂದ ದಡಕ್ಕೆ ಎಳೆದುಕೊಂಡಿದ್ದರು. ನಾವು ಹೋಗಿ ಪಕ್ಕದಲ್ಲಿ ಕೂತು, "ಈ ಸಲ ಹಕ್ಕಿ ಹೇಗಿದೆ ಅಜ್ಜಾ?" ಎಂದು ಕೇಳಿದೆವು.

"ನಾಮದ ಕೋಳಿ ಕಮ್ಮಿ ಸಾಬ್ರೇ. ಹೋದ ವರ್ಸ ಅಲ್ಲೀಗಂಟ ಜೊಂಡಿತ್ತು. ಕೆರೆ ಚಂದ ಮಾಡ್ತೀವಿ ಅಂತ ಮಿಷಿನ್ ತಂದು ಎಲ್ಲಾ ಕಿತ್ತಾಕಿದ್ರು. ಜೊಂಡಿಲ್ದೆ ಅವು ಎಲ್ಲಿ ಗೂಡು ಕಟ್ಟಬೇಕು? ಗುಳುಮುಳುಕನೂ ಹಂಗೇಯ."

"ಅವರಿಗೆ ಹೇಳಿದಿರಾ?"

"ಅವ್ರು ಕೇಳ್ಲಿಲ್ವಲ್ಲ."

ಪಟ್ಟಿಯಲ್ಲಿ ನಾಮದ ಕೋಳಿಗಳ ಸಂಖ್ಯೆ ಇತ್ತು. ಜೊಂಡಿನ ವಿಷಯ ಇರಲಿಲ್ಲ. ಅದನ್ನು ಬರೆಯಲು ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಉಪ್ಪಿಟ್ಟಿನ ನಂತರ ನಡೆದ ಪುಟ್ಟ ಭಾಷಣದಲ್ಲಿ, ಸ್ಥಳೀಯರಲ್ಲಿ ಪಕ್ಷಿಗಳ ಬಗ್ಗೆ ಅರಿವು ಮೂಡಿಸುವುದು ಹೇಗೆ ಎಂಬ ಚಿಂತೆ ವ್ಯಕ್ತವಾಯಿತು. ಅಜ್ಜ ಅಷ್ಟು ಹೊತ್ತಿಗೆ ಹರಿಗೋಲು ತೇಲಿಸಿಕೊಂಡು ಹೋಗಿದ್ದರು.

ಈ ಘಟನೆಯನ್ನು ಹಕ್ಕಿ ನೋಡುವವರನ್ನು ಗೇಲಿ ಮಾಡಲೆಂದು ಹೇಳುತ್ತಿಲ್ಲ. ಹವ್ಯಾಸಿಗಳು ರಜೆಯ ದಿನ ನಿದ್ದೆಗೆಟ್ಟು ಮಾಡುವ ಈ ಎಣಿಕೆಯಿಂದ ದೊಡ್ಡ ಉಪಕಾರವಾಗಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿ, ಅವುಗಳಲ್ಲಿ 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಹೇಳಿತು. ಅದಕ್ಕೆ ಆಧಾರವಾದದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಕಳಿಸಿದ ಟಿಪ್ಪಣಿಗಳು. ಸರಕಾರವೊಂದೇ ಕೂತು ಮಾಡಿದ್ದರೆ ಈ ಕೆಲಸಕ್ಕೆ ಐವತ್ತು ವರ್ಷ ಬೇಕಾಗುತ್ತಿತ್ತು. ನಮ್ಮ ತಕರಾರು ಎಣಿಕೆಯ ಬಗ್ಗೆ ಅಲ್ಲ. ಹಕ್ಕಿಯನ್ನು ಪ್ರೀತಿಸುವವರು ಯಾರು, ಹಕ್ಕಿಗೆ ಅಪಾಯ ಯಾರಿಂದ ಎಂಬ ತೀರ್ಮಾನ ಈ ಕೂಟಗಳಲ್ಲಿ ಚರ್ಚೆಯೇ ಇಲ್ಲದೆ ಆಗಿಹೋಗಿರುತ್ತದೆ. ದುರ್ಬೀನು ಇದ್ದವರು ಮೊದಲನೆಯವರು, ಬಲೆ ಇದ್ದವರು ಎರಡನೆಯವರು. ಇದೇ ತೀರ್ಮಾನ ಕಾನೂನಾಗಿ, ಬೇಲಿಯಾಗಿ, ಕೆಲವೊಮ್ಮೆ ಗುಂಡಾಗಿ ಹೊರಬೀಳುತ್ತದೆ.

ಕರ್ನಾಟಕದ ಅರಣ್ಯ ಇಲಾಖೆ 2015ರಲ್ಲಿ ರಂಗನತಿಟ್ಟಿನಲ್ಲಿ ಹಕ್ಕಿ ಹಬ್ಬ ಆರಂಭಿಸಿತು. ಜಾಗದ ಆಯ್ಕೆ ಸರಿಯಾಗಿಯೇ ಇತ್ತು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆಂದು ಬಂದ ಸಲೀಂ ಅಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟಿದ್ದನ್ನು ಕಂಡು ಮಹಾರಾಜರಿಗೆ ಶಿಫಾರಸು ಮಾಡಿದ ಮೇಲೆ, 1940ರಲ್ಲಿ ಅದು ಪಕ್ಷಿಧಾಮವಾಯಿತು. ಹತ್ತಿರ ಹತ್ತಿರ 17ನೆಯ ಶತಮಾನದ ಮಧ್ಯಭಾಗದಲ್ಲಿ ಒಡೆಯರು ವ್ಯವಸಾಯಕ್ಕೆಂದು ಕಟ್ಟಿಸಿದ ಅಣೆಕಟ್ಟೆಯಿಂದ ಹುಟ್ಟಿದ ನಡುಗಡ್ಡೆಗಳವು. ರೈತನ ಗದ್ದೆಗೆಂದು ತಡೆದ ನೀರಿನಲ್ಲಿ ಹಕ್ಕಿಗಳು ಮನೆ ಮಾಡಿದವು ಎಂಬುದನ್ನು ಇಲ್ಲಿ ಗುರುತಿಸಬೇಕು. ನಿರ್ಜನ ಪ್ರಕೃತಿ ಎಂದು ನಾವು ಕೈಮುಗಿಯುವ ಜಾಗಗಳಲ್ಲಿ ಮನುಷ್ಯನ ಕೈ ಆಡದ ಜಾಗ ಬಹಳ ಕಡಿಮೆ.

ಸಲೀಂ ಅಲಿಯವರ ಹೆಸರು ಬಂದಿತು. ಅವರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

ಮುಸ್ಲಿಮ್ ಸಂಘಟನೆಗಳು ಹೊರತರುವ ಕ್ಯಾಲೆಂಡರುಗಳಲ್ಲಿ, ವಾರ್ಷಿಕೋತ್ಸವದ ಭಾಷಣಗಳಲ್ಲಿ ಸಮುದಾಯದ ಸಾಧಕರ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಸಲೀಂ ಅಲಿ ಇದ್ದೇ ಇರುತ್ತಾರೆ. ಹುಟ್ಟಿದ್ದು 1896ರ ನವೆಂಬರ್ 12, ಪದ್ಮಭೂಷಣ 1958, ಪದ್ಮವಿಭೂಷಣ 1976, ರಾಜ್ಯಸಭೆಗೆ ನಾಮಕರಣ 1985, ನಿಧನ 1987. ಅಲ್ಲಿಗೆ ಮುಗಿಯಿತು. ಅವರನ್ನು ಓದಿದವರು ನಮ್ಮಲ್ಲಿ ಎಷ್ಟು ಜನ? ಓದಿದರೆ ಈ ಪಟ್ಟಿಯಲ್ಲಿ ಕೂರಿಸಲು ಅವರು ಅಷ್ಟು ಸುಲಭದ ಮನುಷ್ಯರಲ್ಲ ಎಂದು ಗೊತ್ತಾಗುತ್ತದೆ. ಆಚರಣೆಯ ಆಡಂಬರ ತಮಗೆ ಹಿಡಿಸುತ್ತಿರಲಿಲ್ಲ ಎಂಬುದನ್ನು ಅವರು ಮುಚ್ಚಿಟ್ಟವರಲ್ಲ. ನಾವು ಅವರ ಹೆಸರನ್ನು ಇಟ್ಟುಕೊಂಡಿದ್ದೇವೆ, ಅವರ ಪ್ರಶ್ನೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇವೆ.

1985ರಲ್ಲಿ ಬಂದ ಅವರ ಆತ್ಮಕಥೆ 'ದಿ ಫಾಲ್ ಆಫ್ ಎ ಸ್ಪ್ಯಾರೋ' ಹೆಸರೇ ಹೇಳುವಂತೆ ಒಂದು ಗುಬ್ಬಿಯ ಪತನದಿಂದ ಆರಂಭವಾದ ಜೀವನ. ತಂದೆ ತಾಯಿ ಇಲ್ಲದ ಹುಡುಗ, ಮುಂಬಯಿಯಲ್ಲಿ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದವರು. ಕೈಯಲ್ಲಿ ಏರ್‌ಗನ್. ಒಂದು ದಿನ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಕಲೆ. ಇದು ಯಾವ ಗುಬ್ಬಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಅವರ ಬಳಿಗೆ ಹೋದರು. ಮಿಲ್ಲರ್ಡ್ ಗದರಲಿಲ್ಲ. ಕಪಾಟುಗಳನ್ನು ತೆರೆದು, ಹುಲ್ಲು ತುಂಬಿದ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಅಂದಿನಿಂದ ಆ ಹುಡುಗ ಹಕ್ಕಿಯ ಹಿಂದೆ ಬಿದ್ದ.

ಆ ವಯಸ್ಸಿನದೇ ಇನ್ನೊಂದು ಟಿಪ್ಪಣಿ ಇದೆ. ಗೋಡೆಯ ಬಿಲದಲ್ಲಿ ಗೂಡು ಮಾಡಿದ ಹೆಣ್ಣು ಗುಬ್ಬಿಗೆ ಕಾವಲು ಕೂತ ಗಂಡನ್ನು ಹುಡುಗ ಹೊಡೆಯುತ್ತಾನೆ. ಮತ್ತೊಂದು ಗಂಡು ಬಂದು ಕೂರುತ್ತದೆ. ಅದನ್ನೂ ಹೊಡೆಯುತ್ತಾನೆ. ಹೀಗೆ ಏಳು ದಿನದಲ್ಲಿ ಎಂಟು. ಹತ್ತು ವರ್ಷದ ಹುಡುಗನ ಈ ಕ್ರೌರ್ಯವೇ ಮುಂದೆ ಪಕ್ಷಿಗಳ ನಡವಳಿಕೆಯ ಬಗ್ಗೆ ಒಂದು ಒಳ್ಳೆಯ ಗಮನಿಕೆ ಎಂದು ಓದಿಸಿಕೊಂಡಿತು. ನಾವು ಇಲ್ಲಿ ತೀರ್ಪು ಕೊಡುತ್ತಿಲ್ಲ. ಆ ಕಾಲದ ಪಕ್ಷಿವಿಜ್ಞಾನವೇ ಕೋವಿಯಿಂದ ನಡೆಯುತ್ತಿತ್ತು. ಸಮೀಕ್ಷೆ ಎಂದರೆ ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಸಂಗ್ರಹಿಸುವುದು ಎಂದೇ ಅರ್ಥ. ಸಲೀಂ ಅಲಿ ಇದನ್ನು ಮರೆಮಾಚುವುದಿಲ್ಲ. ಪುಸ್ತಕದ ಪ್ರಾಮಾಣಿಕತೆ ಅದು. ನಾವು ಕೇಳಬೇಕಾದದ್ದು ಇಷ್ಟೇ: ಮಿಲ್ಲರ್ಡ್ ಅವರ ಕೋಣೆಗೆ ಅದೇ ಗುಬ್ಬಿಯನ್ನು ಹಿಡಿದು ಒಬ್ಬ ಬೇಡರ ಹುಡುಗ ಹೋಗಿದ್ದರೆ ಕಪಾಟುಗಳು ತೆರೆಯುತ್ತಿದ್ದವೇ?

ಪುಸ್ತಕದಲ್ಲಿ ಮಹಾರಾಜರು, ನವಾಬರು, ಬಿಳಿಯ ಅಧಿಕಾರಿಗಳು ಹೆಸರು ಹಿಡಿದು ಬರುತ್ತಾರೆ, ಅವರ ಗುಣಾವಗುಣಗಳ ಸಮೇತ. ಕಾಡಂಚಿನ ಊರ ಜನ ಅಷ್ಟು ವಿವರವಾಗಿ ಬರುವುದಿಲ್ಲ. ಇದೊಂದು ಸಣ್ಣ ಕೊರತೆಯಂತೆ ಕಾಣಬಹುದು. ಇದರ ಬೆಲೆ ಏನೆಂದು ತಿಳಿಯಲು ರಾಜಸ್ಥಾನದ ಭರತಪುರಕ್ಕೆ ಹೋಗಬೇಕು.

ಭರತಪುರದ ಕೇವಲಾದೇವ್ ಘನಾ ಇಂದು ವಿಶ್ವಪ್ರಸಿದ್ಧ ಪಕ್ಷಿಧಾಮ. ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರು. ಅದು ಮೂಲದಲ್ಲಿ ಅಲ್ಲಿನ ರಾಜರ ಬಾತು ಬೇಟೆಯ ಮೈದಾನ. ಒಡ್ಡು ಕಟ್ಟಿ, ನೀರು ನಿಲ್ಲಿಸಿ, ಚಳಿಗಾಲದಲ್ಲಿ ಬರುವ ಬಾತುಗಳನ್ನು ಅತಿಥಿಗಳಿಗೆ ಬಡಿಸುವಂತೆ ಬೇಟೆಗೆ ಒಡ್ಡುತ್ತಿದ್ದರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ ಹೊಡೆದ ಹಕ್ಕಿಗಳು 4,273. ಆ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. (ಅಂದು ಸಲೀಂ ಅಲಿಯವರ 42ನೆಯ ಹುಟ್ಟುಹಬ್ಬ ಎಂಬುದು ಬರಿಯ ಕಾಕತಾಳೀಯ.)

ರಾಜರ ಬಾತುಗಳ ಜತೆಗೆ ಅಲ್ಲಿ ಊರವರ ಎಮ್ಮೆಗಳೂ ಇದ್ದವು. ಸುತ್ತಲಿನ ಹಳ್ಳಿಗಳ ಜನ ತಲೆಮಾರುಗಳಿಂದ ಅಲ್ಲಿ ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು, ಹುಲ್ಲು ಕೊಯ್ಯುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಲಾಯಿತು. ರಾಷ್ಟ್ರೀಯ ಉದ್ಯಾನ ಎಂದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೇಯಿಸುವುದಕ್ಕೆ ಅವಕಾಶವಿಲ್ಲ. ದನಗಳಿಂದ ಜಾಗ ಹಾಳಾಗುತ್ತಿದೆ, ಮೇಯಿಸುವುದನ್ನು ನಿಲ್ಲಿಸಬೇಕು ಎಂದು ಹೇಳುತ್ತ ಬಂದವರಲ್ಲಿ ಸಲೀಂ ಅಲಿಯವರೂ ಒಬ್ಬರು. 1982ರ ನವೆಂಬರಿನಲ್ಲಿ ನಿಷೇಧ ಜಾರಿಯಾಯಿತು. ಪರ್ಯಾಯ ಮೇವಿನ ವ್ಯವಸ್ಥೆಯನ್ನು ಸರಿಯಾಗಿ ಮಾಡಿರಲಿಲ್ಲ. ಜನ ಪ್ರತಿಭಟಿಸಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಏಳು ಎನ್ನುವವರಿದ್ದಾರೆ, ಒಂಬತ್ತು ಎನ್ನುವವರಿದ್ದಾರೆ. ಬಾತುಗಳ ಲೆಕ್ಕ ಒಂದೂ ಹೆಚ್ಚು ಕಡಿಮೆಯಾಗದಂತೆ ಕಲ್ಲಿನ ಮೇಲೆ ಉಳಿದ ಊರು ಅದು.

ನಂತರ ಆದದ್ದು ಇನ್ನೂ ಮುಖ್ಯ. ಸಲೀಂ ಅಲಿಯವರದೇ ಸಂಸ್ಥೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಿಂದ ಹತ್ತು ವರ್ಷ ಅಲ್ಲಿ ಅಧ್ಯಯನ ನಡೆಸುತ್ತಿತ್ತು. ವಿ. ಎಸ್. ವಿಜಯನ್ ಅದರ ನೇತೃತ್ವ ವಹಿಸಿದ್ದರು. ಎಮ್ಮೆಗಳು ಹೋದ ಮೇಲೆ ಪಾಸ್ಪಲಂ ಎಂಬ ನೀರುಹುಲ್ಲು ಕೆರೆಗಳ ತುಂಬ ಹಬ್ಬಿತು. ತೆರೆದ ನೀರು ಮುಚ್ಚಿಹೋಯಿತು. ಮೀನು ಕಡಿಮೆಯಾಯಿತು, ಈಜುವ ಮುಳುಗುವ ಹಕ್ಕಿಗಳಿಗೆ ಜಾಗ ಇಲ್ಲವಾಯಿತು. ನೀರಿಗಿಳಿದು ಮೇಯುವ ಎಮ್ಮೆಗಳೇ ಇಷ್ಟು ಕಾಲ ಆ ಹುಲ್ಲನ್ನು ಹತೋಟಿಯಲ್ಲಿ ಇಟ್ಟಿದ್ದವು! ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದ್ದು ಹಕ್ಕಿಗಳಿಗೇ ಹಾನಿ ಮಾಡಿದೆ ಎಂದು ಅಧ್ಯಯನ ಹೇಳಿತು. ಬುಲ್‌ಡೋಜರ್ ತಂದು ಹುಲ್ಲು ತೆಗೆಯುವ ಯತ್ನವೂ ಆಯಿತು. ಕಡೆಗೆ ಊರವರಿಗೆ ಹುಲ್ಲು ಕೊಯ್ದುಕೊಂಡು ಹೋಗಲು ಅನುಮತಿ ಕೊಡಲಾಯಿತು. ಎಮ್ಮೆಗಳಿಗೆ ಮಾತ್ರ ಇಲ್ಲ, ಕಾನೂನು ಬಿಡುವುದಿಲ್ಲ.

ಅಲ್ಲಿನ ದನಗಾಹಿಗಳಿಗೆ ಪಾಸ್ಪಲಂ ಎಂಬ ಹೆಸರು ಗೊತ್ತಿರಲಿಕ್ಕಿಲ್ಲ. ಎಮ್ಮೆ ಯಾವ ಹುಲ್ಲನ್ನು ಎಷ್ಟು ತಿನ್ನುತ್ತದೆ ಎಂಬುದು ಗೊತ್ತಿತ್ತು. ಯಾರೂ ಅವರನ್ನು ಕೇಳಲಿಲ್ಲ. ನಮ್ಮ ಕೆರೆಯ ಅಜ್ಜನ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ.

ನಮಗೆ ಸಲೀಂ ಅಲಿಯವರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ತಮ್ಮ ಅಧ್ಯಕ್ಷರ ನಿಲುವನ್ನೇ ಸುಳ್ಳುಮಾಡುವ ಫಲಿತಾಂಶವನ್ನು ಪ್ರಕಟಿಸುವಷ್ಟು ಗಟ್ಟಿಯಾದ ಸಂಸ್ಥೆಯನ್ನು ಅವರು ಬೆಳೆಸಿದ್ದರು. ಎಲ್ಲ ಗುರುಗಳೂ ಅಂಥ ಶಿಷ್ಯರನ್ನು ಬಿಟ್ಟುಹೋಗುವುದಿಲ್ಲ. ನಮ್ಮ ದೂರು ಇರುವುದು ಭರತಪುರದ ಪಾಠ ಕಲಿಯದವರ ಮೇಲೆ. ಹಕ್ಕಿ ಕೂಟಗಳಲ್ಲಿ ಸಲೀಂ ಅಲಿಯವರ ಜನ್ಮದಿನ ಆಚರಿಸುತ್ತಾರೆ; 1982ರ ನವೆಂಬರ್ ಬಗ್ಗೆ ಒಂದು ಮಾತು ನಾವು ಅಲ್ಲಿ ಕೇಳಿಲ್ಲ.

ಬಲೆಯವರ ಕಥೆಗೆ ಬರೋಣ. ಸಲೀಂ ಅಲಿಯವರ ಸಂಸ್ಥೆ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಯೋಜನೆ ಕೈಗೊಂಡಾಗ, ಗರಿ ಮುರಿಯದಂತೆ ಹಕ್ಕಿ ಹಿಡಿಯುವವರು ಬೇಕಾದರು. ವಿಶ್ವವಿದ್ಯಾಲಯದಲ್ಲಿ ಅಂಥವರು ಸಿಗುವುದಿಲ್ಲ. ಬಿಹಾರದ ಮೀರ್‌ಶಿಕಾರ್ ಎಂಬ ಮುಸ್ಲಿಮ್ ಸಮುದಾಯದ ಕುಲಕಸುಬೇ ಅದು. ಆ ಸಮುದಾಯದ ಅಲಿ ಹುಸೇನ್ ಭರತಪುರದಲ್ಲೂ ಬೇರೆಡೆಗಳಲ್ಲೂ ದಶಕಗಳ ಕಾಲ ವಿಜ್ಞಾನಿಗಳಿಗೆ ಹಕ್ಕಿ ಹಿಡಿದುಕೊಟ್ಟರು, ಹಿಡಿಯುವುದನ್ನು ಕಲಿಸಿದರು. ಉರುಳು ಎಲ್ಲಿ ಇಡಬೇಕು, ಗಾಳಿ ಯಾವ ಕಡೆಯಿಂದ ಬೀಸಿದರೆ ಬಾತು ಯಾವ ಕಡೆ ಇಳಿಯುತ್ತದೆ ಎಂಬುದೆಲ್ಲ ಕೈಗೆ ಬಂದ ವಿದ್ಯೆ. ಸಾಧಕರ ಕ್ಯಾಲೆಂಡರಿನಲ್ಲಿ ಸಲೀಂ ಅಲಿಯವರ ಪಕ್ಕದ ಪುಟದಲ್ಲಿ ಅಲಿ ಹುಸೇನ್ ಯಾಕೆ ಇಲ್ಲ? ಈ ಪ್ರಶ್ನೆಯನ್ನು ನಾವು ಬೇರೆ ಯಾರಿಗೂ ಅಲ್ಲ, ನಮಗೇ ಕೇಳಿಕೊಳ್ಳಬೇಕಾಗಿದೆ. ಜಾತಿಯ ಮೇಲುಕೀಳು ನಮ್ಮಲ್ಲಿಲ್ಲ ಎಂದು ಹೇಳುತ್ತಲೇ ತ್ಯಾಬ್ಜಿಗಳನ್ನು ನೆನಪಿಟ್ಟು ಮೀರ್‌ಶಿಕಾರರನ್ನು ಮರೆತಿದ್ದೇವೆ.

ಕನ್ನಡದ ಓದುಗರಿಗೆ ಇಂಥ ಜೋಡಿ ಹೊಸದಲ್ಲ. 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯ ಮಂದಣ್ಣನನ್ನು ನೆನೆದುಕೊಳ್ಳಿ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಜೇನು ಹಿಡಿಯುವವನು. ಹಾರುವ ಓತಿಯ ಜಾಡು ಹಿಡಿಯಲು ವಿಜ್ಞಾನಿ ಕರ್ವಾಲೊಗೆ ಅವನೇ ಬೇಕು. ತೇಜಸ್ವಿ ಮಂದಣ್ಣನನ್ನು ಮುಗ್ಧ ಕಾಡುಜೀವಿಯಾಗಿ ಹೊಗಳಲಿಲ್ಲ. ಕಳ್ಳಭಟ್ಟಿಯ ಕೇಸು, ಮದುವೆಯ ಪರದಾಟ ಎಲ್ಲವನ್ನೂ ಇಟ್ಟುಕೊಂಡೇ ಅವನನ್ನು ನಿಸರ್ಗ ಬಲ್ಲವನೆಂದು ಕಾಣಿಸಿದರು. ಅದೇ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ನಮ್ಮ ಹಕ್ಕಿ ಪ್ರಿಯರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಕೂಟದಲ್ಲಿ ಮಂದಣ್ಣನಿಗೆ ಮಾತ್ರ ಜಾಗ ಸಿಗಲಿಲ್ಲ.

ನಮ್ಮ ನಾಡಿನ ಹಕ್ಕಿಪಿಕ್ಕಿಗಳ ಹೆಸರಿನಲ್ಲೇ ಹಕ್ಕಿ ಇದೆ. ಬಲೆ, ಉರುಳು, ಅಂಟುಕಡ್ಡಿಗಳಿಂದ ಹಕ್ಕಿ ಹಿಡಿದು ಬದುಕಿದ ಅಲೆಮಾರಿಗಳು. 1972ರ ಕಾಯ್ದೆ ಅವರ ಕಸುಬನ್ನು ಅಪರಾಧ ಮಾಡಿತು. 1990-91ರಲ್ಲಿ ಕಾಡುಹಕ್ಕಿಗಳ ವ್ಯಾಪಾರವನ್ನು ಪೂರ್ತಿ ನಿಷೇಧಿಸಲಾಯಿತು. ನಿಷೇಧ ಬೇಕಿತ್ತು, ಅದರ ಬಗ್ಗೆ ನಮಗೆ ಅನುಮಾನವಿಲ್ಲ. ಗಿಳಿ ಮುನಿಯಗಳನ್ನು ಪಂಜರಗಟ್ಟಲೆ ಸಾಗಿಸಿದ ವ್ಯಾಪಾರ ಎಷ್ಟು ಕ್ರೂರವಾಗಿತ್ತು ಎಂದು ಕಂಡವರಿಗೆ ಗೊತ್ತು. ನಮ್ಮ ಮನೆಗಳ ಜಗಲಿಯಲ್ಲೂ ಒಂದು ಕಾಲದಲ್ಲಿ ಸಲಾಂ ಹೇಳಲು ಕಲಿತ ಗಿಳಿಯ ಪಂಜರ ತೂಗುತ್ತಿತ್ತು. ಆ ಗಿಳಿಯನ್ನು ಕೊಂಡ ನಾವು ಅಪರಾಧಿಗಳೆನಿಸಿಕೊಳ್ಳಲಿಲ್ಲ, ಹಿಡಿದುಕೊಟ್ಟವನು ಎನಿಸಿಕೊಂಡ. ಒಂದು ದಿನದಲ್ಲಿ ನಾಲ್ಕು ಸಾವಿರ ಬಾತು ಹೊಡೆಸಿದ ರಾಜಮನೆತನಗಳವರು ಸಂರಕ್ಷಣಾ ಸಮಿತಿಗಳ ಸದಸ್ಯರಾದರು. ಹೊಟ್ಟೆಗೆ ನಾಲ್ಕು ಕವುಜುಗ ಹಿಡಿದವನು ಠಾಣೆಯಲ್ಲಿ ಕೂತ.

ಹುಣಸೂರು ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿಗಳನ್ನು ನೆಲೆಗೊಳಿಸಿದ ಊರಿಗೆ ಪಕ್ಷಿರಾಜಪುರ ಎಂದು ಹೆಸರಿಟ್ಟಿದ್ದಾರೆ. ಕಸುಬು ಕಿತ್ತುಕೊಂಡು ಹೆಸರನ್ನು ಬಿಟ್ಟುಕೊಟ್ಟಂತಾಯಿತು. ಅವರು ಗಿಡಮೂಲಿಕೆ, ತಲೆಗೂದಲ ಎಣ್ಣೆಯ ವ್ಯಾಪಾರ ಹಿಡಿದು ದೇಶ ಸುತ್ತಿದರು, ಆಫ್ರಿಕಕ್ಕೂ ಹೋದರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಯುದ್ಧ ಆರಂಭವಾದಾಗ ಮೂವತ್ತಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಾಗಲೇ ಅನೇಕ ಕನ್ನಡಿಗರಿಗೆ ಇವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ತಿಳಿದದ್ದು. ಯಾವ ಕೂಗಿಗೆ ಯಾವ ಹಕ್ಕಿ ಬರುತ್ತದೆ ಎಂದು ಬಲ್ಲ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಹಕ್ಕಿ ಎಣಿಕೆಗೆ ಕರೆದು, ದಿನಗೂಲಿ ಕೊಟ್ಟು, ಪಕ್ಕದಲ್ಲಿ ನಡೆಸಿಕೊಂಡು ಹೋಗಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಜನರನ್ನು ನಂಬಿದರೆ ಹಕ್ಕಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ ನೋಡಬಹುದು. ಅಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ, ಆಲ, ಅತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಆ ಹಕ್ಕಿಗಳನ್ನು ಕರೆಯುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಬಗ್ಗೆ ಹೊರಜಗತ್ತಿಗೆ ತಿಳಿಸಿಕೊಟ್ಟರು. ನೇಗಿನಹಾಳರ ದೊಡ್ಡತನವೆಂದರೆ ಅಲ್ಲಿ ಬೇಲಿ ಹಾಕಿಸಲು ಹೊರಡಲಿಲ್ಲ. ಗೂಡಿರುವ ಮರದ ಹುಣಸೆ ಫಸಲು ಕೀಳದೆ ಬಿಟ್ಟ ರೈತನಿಗೆ ಪರಿಹಾರ ಕೊಡುವ ಏರ್ಪಾಡಾಯಿತು. 'ಹೆಜ್ಜಾರ್ಲೆ ಬಳಗ' ಎಂದು ಊರ ಯುವಕರು ತಂಡ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು, 2002ರ ತಿದ್ದುಪಡಿ ಕಾಯ್ದೆಗೆ ಸೇರಿಸಿದ ಹೊಸ ವರ್ಗ ಅದು.

ಎಲ್ಲವೂ ಸೊಗಸಾಗಿದೆ ಎಂದಲ್ಲ. ಪರಿಹಾರದ ಹಣ ಹುಣಸೆಯ ಬೆಲೆಗೆ ಸಮನಾಗದೆ ಮರಗಳು ಕಡಿದುಹೋದದ್ದುಂಟು. 2017ರ ಕೊನೆಯಿಂದ 2018ರವರೆಗೆ ಹತ್ತಾರು ಹೆಜ್ಜಾರ್ಲೆಗಳು ಹೊಟ್ಟೆಯ ಹುಳುಬಾಧೆಯಿಂದ ಸತ್ತವು. ಅವು ಮೀನು ತಿನ್ನುವ ಕೆರೆಗಳ ನೀರಿನ ಕಡೆ ಬೆರಳು ತೋರಿಸಲಾಯಿತು. ಅದಕ್ಕೆ ಊರವರು ಹೊಣೆಯಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಮಧ್ಯಪ್ರದೇಶದ ಕರೇರಾ. ಹೆಬ್ಬಕ, ಅಂದರೆ ಎರೆಭೂತ ಎಂದು ನಮ್ಮ ಬಳ್ಳಾರಿ ಸೀಮೆಯವರು ಕರೆಯುವ ದೊಡ್ಡ ಹಕ್ಕಿಗಾಗಿ 1981ರಲ್ಲಿ ಅಲ್ಲಿ ಅಭಯಾರಣ್ಯ ಘೋಷಿಸಿದರು. ಬಹುಪಾಲು ರೈತರ ಸ್ವಂತ ಹೊಲ. ಘೋಷಣೆಯಾದ ಮೇಲೆ ಜಮೀನು ಮಾರುವಂತಿಲ್ಲ. ಅಷ್ಟು ಕಾಲ ಹಕ್ಕಿಯ ಗೊಡವೆಗೆ ಹೋಗದಿದ್ದ ಜನರಿಗೆ ಹಕ್ಕಿ ಶತ್ರುವಾಯಿತು. ಅದಿದ್ದರೆ ತಾನೆ ಅಭಯಾರಣ್ಯ? ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಕರೇರಾದಲ್ಲಿ ಎರೆಭೂತ ಒಂದೂ ಇರಲಿಲ್ಲ. ಹಕ್ಕಿಯ ಹೆಸರಿನಲ್ಲಿ ಮಾಡಿದ ಅಭಯಾರಣ್ಯ ಹಕ್ಕಿಯಿಲ್ಲದೆ ಉಳಿಯಿತು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ಭರತಪುರದ ಎಮ್ಮೆಗಳ ಕಥೆಯೇ. ಅಲ್ಲಿ ಎಮ್ಮೆಯ ಜಾಗದಲ್ಲಿ ಬೆಂಕಿ ಇದೆ. ಬೇಸಿಗೆಯ ಮೊದಲೇ ಒಣ ಎಲೆಗೆ ಸಣ್ಣಗೆ ಹಚ್ಚುವ ತರಗು ಬೆಂಕಿ ಅವರ ಪದ್ಧತಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಪೋಡುಗಳನ್ನು ಕಾಡಿನೊಳಗಿಂದ ಎತ್ತಿ ಹೊರಗಿಟ್ಟರು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಕಾಡು ತುಂಬಿತು, ನೆಲ್ಲಿ ಮರಗಳಿಗೆ ಬದನಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತ ಬಂದರು. ಸಂಶೋಧಕರು ಈಗ ಆ ಮಾತಿಗೆ ಕಿವಿಗೊಡುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಮೀಸಲೂ ಆಯಿತು. ಕಾಗದದಲ್ಲಿ ಹಕ್ಕು, ಗೇಟಿನಲ್ಲಿ ತಡೆ ಎಂಬ ದೂರು ಅಂದಿನಿಂದಲೂ ಕೇಳಿಬರುತ್ತಿದೆ. ಹಕ್ಕಿ ನೋಡುವವರಿಗೆ ಆ ಬೆಟ್ಟ ಬಹಳ ಪ್ರಿಯ. ಅವರಲ್ಲಿ ಅನೇಕರು ಸೋಲಿಗ ಯುವಕನೊಬ್ಬನ ಹಿಂದೆ ಹಕ್ಕಿ ನೋಡುತ್ತ ನಡೆದಿರುತ್ತಾರೆ. ಆತನಿಗೆ ಆ ಕಾಡಿನಲ್ಲಿ ಹಕ್ಕಿದೆಯೇ ಎಂಬ ಪ್ರಶ್ನೆ ಎಷ್ಟು ಜನರಿಗೆ ಬಂದಿದೆಯೋ ತಿಳಿಯದು.

ಬರಬೇಕಾಗಿದೆ. ಏಕೆಂದರೆ ಅವರ ಹೆಸರಿನಲ್ಲಿಯೇ, ವನ್ಯಜೀವಿ ಪ್ರಿಯರು ಎಂಬ ಹೆಸರಿನಲ್ಲಿಯೇ, ಈ ಹಕ್ಕಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಲಾಯಿತು. ಅರ್ಜಿದಾರರಲ್ಲಿ ನಮ್ಮ ಬೆಂಗಳೂರಿನ ವೈಲ್ಡ್‌ಲೈಫ್ ಫಸ್ಟ್ ಕೂಡ ಒಂದು. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವುಗೊಳಿಸಬೇಕೆಂಬ ಆದೇಶ ಹೊರಬಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳ ಪ್ರಶ್ನೆ. ದೇಶವಿಡೀ ಗದ್ದಲವಾಗಿ ಫೆಬ್ರವರಿ 28ರಂದು ಅದೇ ನ್ಯಾಯಾಲಯ ಆದೇಶವನ್ನು ತಡೆಹಿಡಿಯಿತು. ಆ ಹದಿನೈದು ದಿನ ಹಕ್ಕಿಗಳ ಮಹಾ ಎಣಿಕೆಯ ಕಾಲ. ಲಕ್ಷಾಂತರ ಹಕ್ಕಿಗಳ ಲೆಕ್ಕ ಸಿಕ್ಕಿರಬೇಕು. ಹಕ್ಕಿ ನೋಡುವವರು ರಾಜಕೀಯಕ್ಕೆ ಬರುವುದಿಲ್ಲ ಎನ್ನುತ್ತಾರೆ. ಬರುವುದಿಲ್ಲ ಎನ್ನುವುದಕ್ಕೆ ಅವರಿಗೆ ಸೌಕರ್ಯವಿದೆ, ಸೋಲಿಗರಿಗಾಗಲಿ ಜೇನುಕುರುಬರಿಗಾಗಲಿ ಇಲ್ಲ.

ಕುರ್‌ಆನಿನಲ್ಲಿ ಬರುವ ಪ್ರವಾದಿ ಸುಲೈಮಾನರ ಹುದ್‌ಹುದ್ ಹಕ್ಕಿಯ ಕಥೆಯನ್ನು ನಮ್ಮ ಮಕ್ಕಳಿಗೆ ಮದ್ರಸದಲ್ಲಿ ಹೇಳಿಕೊಡುತ್ತಾರೆ. ಅಷ್ಟು ದೊಡ್ಡ ಸೈನ್ಯದ ಒಡೆಯರಿಗೆ ಗೊತ್ತಿಲ್ಲದ ಸಬಾ ರಾಜ್ಯದ ಸುದ್ದಿಯನ್ನು ತಂದದ್ದು ಒಂದು ಪುಟ್ಟ ಹಕ್ಕಿ. ಮೊದಲು ಗೈರುಹಾಜರಿಗೆ ಶಿಕ್ಷೆಯ ಮಾತಾಡಿದ ದೊರೆ, ನಂತರ ಅದರ ಮಾತನ್ನು ಕೇಳಿ ಪರೀಕ್ಷಿಸಲು ಹೊರಟರು. ಮಕ್ಕಳು ಹಕ್ಕಿ ಮಾತಾಡಿದ್ದಕ್ಕೆ ಬೆರಗಾಗುತ್ತಾರೆ. ದೊರೆ ಕೇಳಿದ್ದಕ್ಕೂ ಬೆರಗಾಗಬಹುದು.

ಕೆರೆಯ ಕೂಟದ ಸಂಘಟಕರಿಗೆ ನಾವು ಜೊಂಡಿನ ವಿಷಯ ತಿಳಿಸಿದೆವು. ಅವರು ಬೇಸರಿಸಲಿಲ್ಲ, ಮುಂದಿನ ವಾರವೇ ಬಂದು ಅಜ್ಜನ ಜತೆ ಹರಿಗೋಲಿನಲ್ಲಿ ಒಂದು ಸುತ್ತು ಹಾಕಿದರು. ಮೂಡಣ ಮೂಲೆಯಲ್ಲಿ ಸ್ವಲ್ಪ ಜೊಂಡು ಮತ್ತೆ ಚಿಗುರಿದೆ, ಅದನ್ನಾದರೂ ಕೀಳಬೇಡಿ ಎಂದು ಕೆರೆಯ ಉಸ್ತುವಾರಿಯ ಕಚೇರಿಗೆ ಅರ್ಜಿ ಬರೆದಾಯಿತು. ಅಜ್ಜನ ಹೆಬ್ಬೆಟ್ಟಿನ ಗುರುತೂ ಅದರಲ್ಲಿದೆ. ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ.